ಕಾಳಮ್ಮನ ಮನೆಯ ಬುತ್ತಿ

ನಮ್ಮ ಊರಿನಲ್ಲಿ ಜಡ್ಜ್ ಆದವನ ಮನೆಯಲ್ಲಿ ಅನ್ನ ಬೇಯುವುದಿಲ್ಲ. ಕುರ್ಚಿಯಲ್ಲಿ ಕೂತ ದಿನ ಸಂಜೆಯಿಂದಲೇ ಇದು ಶುರುವಾಗುತ್ತದೆ. ಒಲೆ ಉರಿಯುತ್ತದೆ, ನೀರು ಕುದಿಯುತ್ತದೆ, ಅಕ್ಕಿ ಮಾತ್ರ ಅಕ್ಕಿಯಾಗಿಯೇ ಉಳಿಯುತ್ತದೆ. ರೊಟ್ಟಿ ತಟ್ಟಿ ಹಂಚಿಗೆ ಹಾಕಿದರೆ ಅರ್ಧ ಗಂಟೆಯಾದರೂ ಹಸಿ ಹಿಟ್ಟು. ಹೋಟೆಲಿನಿಂದ ತರಿಸಿದರೆ ಹೊಸ್ತಿಲು ದಾಟುವಷ್ಟರಲ್ಲಿ ಹಳಸಿರುತ್ತದೆ. ಹೋಟೆಲಿಗೇ ಹೋಗಿ ಕೂತರೆ ತುತ್ತು ಬಾಯಲ್ಲಿ ಹಳಸುತ್ತದೆ. ಜಡ್ಜ್ ಬೇಯಿಸಿದ್ದನ್ನು ಉಣ್ಣಬೇಕೆಂದರೆ ಇರುವುದು ಒಂದೇ ದಾರಿ. ಅವನೇ ಜೈಲಿಗೆ ಕಳಿಸಿದವರ ಮನೆಯಿಂದ ಬುತ್ತಿ ಬರಬೇಕು. ಕುರ್ಚಿ ಬಿಟ್ಟ ದಿನ ಮನೆಯ ಒಲೆ ಮತ್ತೆ ಸರಿಹೋಗುತ್ತದೆ.

ಬುತ್ತಿಗೂ ಕಟ್ಟಳೆಯುಂಟು. ಆ ಮನೆಯವರು ಆ ದಿನ ಏನು ಉಂಡರೋ ಅದೇ ಬರಬೇಕು. ಸಾಹೇಬರಿಗೆಂದು ಬೇರೆಯಾಗಿ ಹೋಳಿಗೆ ಮಾಡಿದರೆ ದಾರಿಯಲ್ಲೇ ಕೆಡುತ್ತದೆ. ಸಿಟ್ಟಿನಿಂದ ಉಪ್ಪು ಸುರಿಯುವಂತೆಯೂ ಇಲ್ಲ, ಸುರಿದರೆ ಅದನ್ನು ತಾವೂ ಉಣ್ಣಬೇಕು. ಹತ್ತು ಮನೆಗಳಿದ್ದರೆ ಹತ್ತು ದಿನಕ್ಕೊಮ್ಮೆ ಪಾಳಿ, ಮೂವತ್ತಿದ್ದರೆ ತಿಂಗಳಿಗೊಮ್ಮೆ. ಶಿಕ್ಷೆ ಮುಗಿದ ದಿನ ಬುತ್ತಿಯೂ ನಿಲ್ಲುತ್ತದೆ. ಊರು ಇದಕ್ಕೆ ಚೆನ್ನಾಗಿ ಹೊಂದಿಕೊಂಡಿದೆ. ಪಾತ್ರೆ ಅಂಗಡಿಗಳಲ್ಲಿ ‘ಕೋರ್ಟ್ ಡಬ್ಬಿ’ ಎಂದು ಕೇಳಿದರೆ ನಾಲ್ಕು ಅಂತಸ್ತಿನ ಹಿತ್ತಾಳೆಯ ಡಬ್ಬಿ ತೆಗೆದು ಕೊಡುತ್ತಾರೆ. ಹೆಣ್ಣು ನೋಡಲು ಬಂದವರು ಚಹಾ ಮುಟ್ಟುವ ಮೊದಲೇ ‘ನಿಮ್ಮದು ಡಬ್ಬಿ ಮನಿ ಏನ್ರಿ?’ ಎಂದು ವಿಚಾರಿಸುತ್ತಾರೆ. ಮನೆಮಠವಿಲ್ಲದವರಿಗೆ ನಮ್ಮಲ್ಲಿ ಶಿಕ್ಷೆಯಾಗುವುದು ಅಪರೂಪ. ಅವರನ್ನು ಒಳಗೆ ಹಾಕಿ ಜಡ್ಜ್‌ಗೆ ಏನು ಸಿಗಬೇಕು?

ನನ್ನ ಅಪ್ಪ ಕೋರ್ಟಿನ ಜವಾನ. ಇಪ್ಪತ್ತೆಂಟು ವರ್ಷಗಳಲ್ಲಿ ಮೂವರು ಜಡ್ಜ್‌ಗಳಿಗೆ ಬುತ್ತಿ ಹೊತ್ತವನು. ಯಾವ ಓಣಿಯ ಯಾವ ಮನೆಯಲ್ಲಿ ಹುಳಿಗೆ ಏನು ಹಾಕುತ್ತಾರೆಂಬುದು ಅವನಿಗೆ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ‘ಜಡ್ಜ್ ಆಗಬೇಕಪಾ. ಕುಂತಲ್ಲೇ ಊರ ಊಟ ಬರ್ತದ’ ಎನ್ನುತ್ತಿದ್ದ. ನ್ಯಾಯದ ಬಗ್ಗೆ ಅವನು ನನಗೆ ಹೇಳಿದ್ದು ಅಷ್ಟೇ. ನಾನು ಕಾನೂನು ಓದಿದೆ, ಹದಿನೆಂಟು ವರ್ಷ ವಕೀಲಿಕೆ ಮಾಡಿದೆ. ನನ್ನ ಹೆಸರು ಮೇಲೆ ಬಂದದ್ದೇ ಅಡುಗೆ ಬಾರದ ಹೆಂಡತಿಯರಿಂದ. ಆರೋಪಿಯ ಹೆಂಡತಿಗೆ ಅಡುಗೆ ಬರುವುದಿಲ್ಲ ಎಂದು ರುಜುವಾತು ಮಾಡಿದರೆ ಶಿಕ್ಷೆ ಅರ್ಧಕ್ಕಿಂತಲೂ ಕೆಳಗಿಳಿಯುತ್ತಿತ್ತು. ಅಕ್ಕಪಕ್ಕದವರನ್ನು ಕರೆಸಿ, ಆಕೆಯ ಸಾರನ್ನು ನಾಯಿಯೂ ಮೂಸುವುದಿಲ್ಲವೆಂದು ಹೇಳಿಸುತ್ತಿದ್ದೆ. ಒಬ್ಬಾಕೆ ಕಟಕಟೆಯಲ್ಲಿ ನಿಂತು ಅದನ್ನೇ ತನ್ನ ಬಾಯಿಂದ ಹೇಳಿ, ಆಮೇಲೆ ವರಾಂಡದಲ್ಲಿ ಕೂತು ಅತ್ತಳು. ಊರಿನಲ್ಲೇ ಹೆಸರಾದ ಅಡುಗೆಯ ಕೈ ಅವಳದು. ಗಂಡನಿಗೆ ಏಳರ ಬದಲು ಎರಡು ವರ್ಷವಾಯಿತು.

ಜಡ್ಜ್‌ಗಳನ್ನು ನೇಮಿಸುವುದು ರಾಜಧಾನಿಯವರು. ನೇಮಿಸಿದ ಮೇಲೆ ಅವರು ಈ ಕಡೆ ತಲೆ ಹಾಕುವುದಿಲ್ಲ. ಜಡ್ಜ್ ಬರೆದ ತೀರ್ಪನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಹೊಡೆದು ಹಾಕುವುದಾದರೆ ಬರೆದವನೇ ಹೊಡೆದು ಹಾಕಬೇಕು, ಹಾಗೆ ಮಾಡಿದವನು ಅದೇ ದಿನ ಕುರ್ಚಿ ಬಿಡಬೇಕು. ಮುಗಿದ ಮೊಕದ್ದಮೆಯ ಬಗ್ಗೆ ಜಡ್ಜ್ ಮುಂದೆ ಬಾಯಿ ತೆರೆದವರಿಗೆ ಆರು ತಿಂಗಳು. ನನಗೆ ನಲವತ್ತಾರು ತುಂಬಿದ ವರ್ಷ ನೇಮಕದ ಪತ್ರ ಬಂತು. ಅಪ್ಪ ಅದನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಓಣಿಯೆಲ್ಲ ತಿರುಗಿ ಬಂದ.

ನನಗಿಂತ ಹಿಂದೆ ಇದ್ದ ಇನಾಮದಾರ ಸಾಹೇಬರನ್ನು ನೋಡಲು ಹೋದೆ. ಮನೆಯಲ್ಲಿ ಆಗತಾನೆ ಒಲೆ ಸರಿಹೋಗಿತ್ತು. ಅವರು ಉಪ್ಪಿಟ್ಟಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

‘ನೋಡ್ರಿ, ಮೊದಲನೇ ವಾರದಾಗ ಒಂದು ಚಲೋ ಅಡಗಿ ಮನಿ ಹಿಡೀರಿ’ ಎಂದರು. ‘ಹೊಟ್ಟಿ ತುಂಬಿದ ಮ್ಯಾಲೆ ನ್ಯಾಯ ಮಾಡಾಕ ಟೈಮ್ ಇದ್ದೇ ಅದ.’

ನನಗೆ ಅಸಹ್ಯವಾಯಿತು. ಇವರಂತೆ ನಾನಾಗುವುದಿಲ್ಲ ಎಂದು ಮೆಟ್ಟಿಲಿಳಿಯುವಾಗಲೇ ಶಪಥ ಮಾಡಿದೆ. ಶಪಥ ಮಾಡುವಾಗ ನನ್ನ ಹೊಟ್ಟೆ ತುಂಬಿತ್ತು ಎಂಬುದು ಆಗ ಹೊಳೆಯಲಿಲ್ಲ.

ಮೊದಲ ಇಪ್ಪತ್ತಮೂರು ದಿನ ನಾನು ನಿಜವಾದ ಜಡ್ಜ್ ಆಗಿದ್ದೆ. ಇದನ್ನು ಜಂಬದಿಂದ ಹೇಳುತ್ತಿಲ್ಲ, ಆಮೇಲಿನದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ. ಹನ್ನೊಂದು ಮೊಕದ್ದಮೆ ಬಂದವು, ಹನ್ನೊಂದರಲ್ಲೂ ಸಾಕ್ಷ್ಯ ಟೊಳ್ಳು, ಹನ್ನೊಂದು ಜನರನ್ನೂ ಬಿಟ್ಟೆ. ಬಾಳೆಹಣ್ಣು, ಸೌತೆಕಾಯಿ, ನೆನೆಸಿದ ಕಡಲೆ ತಿಂದುಕೊಂಡಿದ್ದೆ. ಊರಿನವರು ನನ್ನನ್ನು ಬಾಳೆಹಣ್ಣಿನ ಜಡ್ಜ್ ಎನ್ನತೊಡಗಿದರು. ಹೆಂಡತಿ ಮಂದಾಕಿನಿ ಪಕ್ಕದ ಓಣಿಯ ತನ್ನ ಅಕ್ಕನ ಮನೆಯಲ್ಲಿ ಉಣ್ಣಬಹುದಿತ್ತು, ಉಣ್ಣಲಿಲ್ಲ. ನನ್ನ ಜೊತೆ ಅವಳೂ ಸೌತೆಕಾಯಿ ಕಡಿದಳು. ನಮ್ಮ ಜೊತೆಗೇ ಇದ್ದ ಅಪ್ಪ ಮಾತ್ರ ಖಾನಾವಳಿಯಲ್ಲಿ ಉಂಡು ಬಂದು, ಕೈ ತೊಳೆಯದೆ ನನ್ನೆದುರು ಕೂತು ಬೆರಳು ಮೂಸಿಕೊಳ್ಳುತ್ತಿದ್ದ. ಎರಡನೆಯ ವಾರ ಕಳೆಯುವ ಹೊತ್ತಿಗೆ ವಕೀಲರು ವಾದ ಮಾಡುವಾಗ ಅವರ ಬಾಯಿಯ ವಾಸನೆಯಿಂದ ಏನು ತಿಂದು ಬಂದಿದ್ದಾರೆಂದು ಹೇಳಬಲ್ಲವನಾಗಿದ್ದೆ. ವಾದ ಏನೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮೋನಪ್ಪನ ಮೊಕದ್ದಮೆ ಬಂದದ್ದು ಆಗ. ಮೋನಪ್ಪ ಅಡಿವೆಪ್ಪನವರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನು. ಮದುವೆಯ ಕರೆಯೋಲೆಯೊಂದರಲ್ಲಿ ಮದುಮಗನ ಹೆಸರು ತಪ್ಪಾಗಿ ಬಿದ್ದಿತೆಂದು ಮಾಲೀಕರು ಅವನನ್ನು ಕೆಲಸದಿಂದ ತೆಗೆದಿದ್ದರು. ಇಬ್ಬರಿಗೂ ಬೀದಿಯಲ್ಲಿ ಜಗಳವಾಗಿತ್ತು. ಅದಾಗಿ ಎಂಟು ದಿನಕ್ಕೆ, ಫೆಬ್ರವರಿ ಹನ್ನೊಂದನೆಯ ತಾರೀಖು ಮಧ್ಯಾಹ್ನ, ಅಡಿವೆಪ್ಪನವರು ಪ್ರೆಸ್ಸಿನಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದರು. ಸಾಕ್ಷಿ ಒಬ್ಬನೇ, ಸತ್ತವರ ಹೆಂಡತಿಯ ತಮ್ಮ ರಾಚಪ್ಪ. ಅವನು ಎದುರಿನ ಲಕ್ಷಪ್ಪನ ಕಟಿಂಗ್ ಅಂಗಡಿಯಲ್ಲಿ ದಾಡಿ ಮಾಡಿಸಿಕೊಳ್ಳುತ್ತಿದ್ದನಂತೆ. ಮೋನಪ್ಪ ಪ್ರೆಸ್ಸಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದದ್ದನ್ನು ಕನ್ನಡಿಯಲ್ಲಿ ನೋಡಿದನಂತೆ. ಕನ್ನಡಿ ಎಷ್ಟು ದೊಡ್ಡದು, ಯಾವ ಮೂಲೆಯಲ್ಲಿ ಕಂಡದ್ದು ಎಂದೆಲ್ಲ ಚೆನ್ನಾಗಿ ಹೇಳಿದ. ಲಕ್ಷಪ್ಪನನ್ನು ಯಾರೂ ಕರೆಸಲಿಲ್ಲ. ಮೋನಪ್ಪನಿಗೆ ಕೋರ್ಟಿನವರೇ ಕೊಟ್ಟ ವಕೀಲರು ಎರಡು ಪ್ರಶ್ನೆ ಕೇಳಿ ಕೂತರು. ಆತನ ಹೆಂಡತಿಗೆ ಅಡುಗೆ ಬರುವುದಿಲ್ಲ ಎಂಬ ವಾದವನ್ನೂ ಅವರು ಮಾಡಲಿಲ್ಲ.

ಸೋಮವಾರ ತೀರ್ಪು ಓದಿದೆ. ಹನ್ನೆರಡು ವರ್ಷ. ಓದುತ್ತಿರುವಾಗ ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ನಿಂತಳು, ಪಕ್ಕದಲ್ಲಿ ಎಂಟು ಒಂಬತ್ತು ವರ್ಷದ ಹುಡುಗಿ. ಮೋನಪ್ಪನ ಹೆಂಡತಿ ಕಾಳಮ್ಮ.

‘ಸಾಹೇಬ್ರ, ಅವತ್ತ...’

‘ಕೂಡ್ರವ್ವ. ತೀರ್ಪು ಓದೂ ಮುಂದ ಮಾತಾಡಬಾರ್ದು’ ಎಂದೆ.

ಅವಳು ಕೂತಳು. ನನ್ನ ದನಿಯಲ್ಲಿ ಗಡಸು ಇರಲಿಲ್ಲ, ಅವಸರವಿತ್ತು. ನಾಳೆ ಮಧ್ಯಾಹ್ನ ಬುತ್ತಿ ಬರುತ್ತದೆ ಎಂಬುದು ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ನಿಜ. ಹಸಿವು ನನ್ನಿಂದ ತೀರ್ಪು ಬರೆಸಿತೇ, ಅಥವಾ ಹೊಟ್ಟೆ ತುಂಬಿದ್ದರೂ ಹಾಗೆಯೇ ಬರೆಯುತ್ತಿದ್ದೆನೇ, ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ನನಗೆ ಅನುಕೂಲವಾಗಿ ಬಂದಿದೆ.

ಮರುದಿನ ಹನ್ನೆರಡೂವರೆಗೆ ಜವಾನ ದ್ಯಾಮಣ್ಣ ಡಬ್ಬಿ ತಂದಿಟ್ಟ. ನಾಲ್ಕು ಅಂತಸ್ತಿನಲ್ಲಿ ಎರಡು ಖಾಲಿ. ಗಂಡ ಜೈಲಿಗೆ ಹೋದ ಮಾರನೆಯ ದಿನ ಅವಳು ಒಲೆ ಹಚ್ಚಿದ್ದು ಮಗಳಿಗಾಗಿ ಮಾತ್ರ ಇದ್ದೀತು. ಜೋಳದ ರೊಟ್ಟಿ, ಹೆಸರುಬೇಳೆಯ ಸಾರು, ಅಷ್ಟೇ. ಮೊದಲ ತುತ್ತು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಾಗ ಅತ್ತುಬಿಟ್ಟೆ. ದುಃಖಕ್ಕಲ್ಲ, ರುಚಿಗೆ. ಬೆಳ್ಳುಳ್ಳಿಯ ಒಗ್ಗರಣೆ ಹದವಾಗಿ ಬಿದ್ದಿತ್ತು. ಮಂದಾಕಿನಿಗೂ ಅಪ್ಪನಿಗೂ ಒಂದೊಂದು ರೊಟ್ಟಿ ಉಳಿಸಿದೆ, ಉಳಿಸಬೇಕೆಂದು ನೆನಪಾದದ್ದು ಕೊನೆಯಲ್ಲಿ.

ಹೊಟ್ಟೆ ತುಂಬಿದ ಮೇಲೆ ಮನುಷ್ಯನಾದಂತೆನಿಸಿತು. ಗಡ್ಡ ಬೆಳೆದದ್ದು ಆಗ ಗಮನಕ್ಕೆ ಬಂತು.

‘ದ್ಯಾಮಣ್ಣ, ಲಕ್ಷಪ್ಪನ್ನ ಕರಕೊಂಡ್ ಬಾ, ದಾಡಿ ಮಾಡಿಸ್ಕೊಬೇಕು’ ಎಂದೆ.

‘ಇವತ್ತ ಮಂಗಳವಾರ ಅಲ್ರಿ ಸಾಹೇಬ್ರ’ ಎಂದು ಅವನು ಡಬ್ಬಿ ಜೋಡಿಸುತ್ತ ನಕ್ಕ. ‘ಇವತ್ತ ಯಾರ ಅಂಗಡಿ ತಗೀತಾರ್ರಿ? ಲಕ್ಷಪ್ಪಂತೂ ಮಂಗಳವಾರ ಕತ್ತರಿ ಸೈತ ಮುಟ್ಟೂದಿಲ್ಲ.’

ಅವನು ಹೋದ ಮೇಲೆ ಎದ್ದು ಗೋಡೆಯ ಕ್ಯಾಲೆಂಡರನ್ನು ಫೆಬ್ರವರಿಗೆ ತಿರುವಿದೆ. ಹನ್ನೊಂದು ಮಂಗಳವಾರದ ಸಾಲಿನಲ್ಲಿ ಕೂತಿತ್ತು.

ಹೀಗೆ ಕಣ್ಣೆದುರಿಗಿದ್ದದ್ದು ತಪ್ಪಿಹೋಗುವುದು ಕೋರ್ಟಿನವರಿಗೆ ಮಾತ್ರ ಸಾಧ್ಯ. ನಮ್ಮ ಕಾಗದಗಳು ತಾರೀಖಿನ ಮೇಲೆ ನಡೆಯುತ್ತವೆ, ಊರು ವಾರದ ಮೇಲೆ ನಡೆಯುತ್ತದೆ. ದೂರಿನಿಂದ ತೀರ್ಪಿನವರೆಗೆ ಎಲ್ಲ ಕಡೆಯೂ ಹನ್ನೊಂದನೆಯ ತಾರೀಖು ಎಂದು ಬರೆದು ಬರೆದು, ಅದು ಯಾವ ವಾರ ಎಂದು ಯಾರೂ ನೋಡಿರಲಿಲ್ಲ. ಪಂಚನಾಮೆಯ ಕೊನೆಯಲ್ಲಿ ಒಬ್ಬ ಪಂಚ ತನ್ನ ರುಜುವಿನ ಕೆಳಗೆ ‘ಮಂಗಳವಾರ’ ಎಂದು ಬರೆದಿದ್ದ. ಆ ಪುಟದ ಮೇಲೆ ನನ್ನ ರುಜುವೂ ಇತ್ತು. ಅಂಗಡಿ ಮುಚ್ಚಿದ ದಿನ ರಾಚಪ್ಪ ದಾಡಿ ಮಾಡಿಸಿಕೊಂಡಿರಲಿಲ್ಲ, ಕನ್ನಡಿ ನೋಡಿರಲಿಲ್ಲ. ಕಾಳಮ್ಮ ಎದ್ದು ನಿಂತು ‘ಅವತ್ತ’ ಎಂದು ಶುರುಮಾಡಿದ್ದು ಇದನ್ನೇ.

ಸಂಜೆ ಮಂದಾಕಿನಿಗೆ ಹೇಳಿದೆ. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ.

‘ನಾಳೆ ಹೊಡದ್ ಹಾಕ್ರಿ.’

‘ಕುರ್ಚಿ ಬಿಡಬೇಕಾಗ್ತದ.’

‘ಬಿಡ್ರಿ. ಒಂದ್ ತಿಂಗಳ ಹಿಂದ ಎಲ್ಲಿತ್ತು ಆ ಕುರ್ಚಿ?’

‘ಅಪ್ಪಗ ಏನ್ ಹೇಳ್ಲಿ? ಊರಿಗೆಲ್ಲಾ ಪತ್ರ ತೋರಿಸ್ಕೊಂಡ್ ಬಂದಾನ.’

‘ಆ ಕೂಸಿಗೆ ಏನ್ ಹೇಳ್ತೀರಿ?’ ಎಂದಳು ಮಂದಾಕಿನಿ.

ನಾಳೆ ಎಂದೆ. ಮರುದಿನ ಬುತ್ತಿಯಲ್ಲಿ ಪುಂಡಿಪಲ್ಲೆ ಬಂತು. ಆಗ ನನಗೆ ಬುತ್ತಿ ಕಳಿಸುವ ಮನೆ ಅದೊಂದೇ. ಒಂಬತ್ತು ದಿನ ಕಾಳಮ್ಮನ ಕೈ ಅಡುಗೆ ಉಂಡೆ. ದಿನಾ ಬೆಳಗ್ಗೆ ಇವತ್ತು ಹೊಡೆದು ಹಾಕುವುದೇ ಸರಿ ಎಂದು ಹೊರಡುತ್ತಿದ್ದೆ, ಮಧ್ಯಾಹ್ನದ ಡಬ್ಬಿ ಬರಲಿ, ಆಮೇಲೆ ನೋಡೋಣ ಎಂದು ಕೂರುತ್ತಿದ್ದೆ. ಹತ್ತನೆಯ ದಿನ ಒಬ್ಬ ದನಗಳ್ಳನಿಗೆ ಮೂರು ವರ್ಷ ಹಾಕಿದೆ. ಇನ್ನೊಂದು ಮನೆಯ ಬುತ್ತಿ ಬರತೊಡಗಿದ ಮೇಲೆ ಹಸಿವಿನ ನೆಪವಿರಲಿಲ್ಲ. ಆಗ ಅಪ್ಪನ ನೆಪ ಹಿಡಿದೆ. ಮಂದಾಕಿನಿ ಮತ್ತೆ ಆ ವಿಷಯ ಎತ್ತಲಿಲ್ಲ. ಕಾಳಮ್ಮನ ಮನೆಯ ಪಾಳಿ ಬಂದ ದಿನ ಮಾತ್ರ ಅವಳು ಎರಡು ಬಾಳೆಹಣ್ಣು ತಿಂದು ನೀರು ಕುಡಿದು ಏಳುತ್ತಿದ್ದಳು. ಹನ್ನೆರಡು ವರ್ಷ, ಒಂದು ಪಾಳಿಯೂ ತಪ್ಪದೆ. ನನ್ನನ್ನು ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಊರಿಗೆ ಮಂಗಳವಾರದ ವಿಷಯ ತಿಂಗಳೊಳಗೆ ಗೊತ್ತಾಯಿತು. ಕಾಳಮ್ಮ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದಳು, ಲಕ್ಷಪ್ಪ ತನ್ನ ಅಂಗಡಿಯ ಬೀಗ ಮುಟ್ಟಿ ಆಣೆ ಹಾಕಿದ. ಆದರೆ ನನಗೆ ಹೇಳುವಂತಿಲ್ಲ. ಹೇಳಿದರೆ ಆರು ತಿಂಗಳು. ಹೀಗಾಗಿ ಇಡೀ ಊರು ನನ್ನ ಮೇಲೆ ಕನಿಕರ ಪಡತೊಡಗಿತು. ‘ಸಾಹೇಬ್ರಿಗೆ ಪಾಪ ಗೊತ್ತಿಲ್ಲ. ಗೊತ್ತಿದ್ರ ಇಡ್ತಿದ್ರೇನು?’ ಎಂದು ಚಹಾದಂಗಡಿಯಲ್ಲಿ ಮಾತಾಡಿಕೊಂಡದ್ದು ಅಪ್ಪನ ಕಿವಿಗೆ ಬಿದ್ದು, ಅವನು ನನ್ನ ಮುಂದೆ ಅದನ್ನು ಅರ್ಧ ಹೇಳಿ, ಕಟ್ಟಳೆ ನೆನಪಾಗಿ ನಾಲಿಗೆ ಕಚ್ಚಿಕೊಂಡ. ನಾನು ಪೇಪರಿನಿಂದ ಮುಖ ಎತ್ತಲಿಲ್ಲ.

ಅಪ್ಪ ನಾಲ್ಕನೆಯ ವರ್ಷ ತೀರಿಕೊಂಡ. ಆ ನೆಪವೂ ಹೋಯಿತು. ಅಷ್ಟರಲ್ಲಿ ನೆಪವೇ ಬೇಕಾಗಿರಲಿಲ್ಲ.

ನಾನು ಕೆಟ್ಟ ಜಡ್ಜ್ ಎಂದು ಯಾರೂ ಹೇಳಲಿಲ್ಲ. ಕಟ್ಟುನಿಟ್ಟಿನ ಮನುಷ್ಯ ಎಂದರು. ಮೋನಪ್ಪನಂಥವನೇ ಒಳಗಿರುವಾಗ ಉಳಿದವರನ್ನು ಸಂಶಯದ ಲಾಭ ಕೊಟ್ಟು ಬಿಡುವುದು ಅವನಿಗೆ ಮಾಡಿದ ಅನ್ಯಾಯವೆಂದು ನನಗೆ ನಿಜವಾಗಿಯೂ ಅನ್ನಿಸತೊಡಗಿತ್ತು. ಇದು ಹುಚ್ಚು ಎಂದು ಈಗ ಗೊತ್ತಾಗುತ್ತದೆ, ಆಗ ಇದನ್ನೇ ಸಮಾನತೆ ಎಂದುಕೊಂಡಿದ್ದೆ. ಎಂಟನೆಯ ವರ್ಷಕ್ಕೆ ಬುತ್ತಿಯ ಮನೆಗಳು ಅರವತ್ತಮೂರಾದವು. ಗೋಡೆಯ ಮೇಲೆ ದ್ಯಾಮಣ್ಣ ಪಾಳಿಯ ಪಟ್ಟಿ ಅಂಟಿಸಿದ. ಯಾವ ಓಣಿಯಿಂದ ಯಾವ ಕಾಲಕ್ಕೆ ಏನು ಬರುತ್ತದೆಂದು ನನಗೆ ಬಾಯಿಪಾಠವಾಗಿತ್ತು. ನನ್ನ ಅಪ್ಪನಿಗೆ ಗೊತ್ತಿದ್ದಷ್ಟೇ ನನಗೂ ಗೊತ್ತಿತ್ತು, ಅವನು ಹೊತ್ತ, ನಾನು ಉಂಡೆ.

ಮನೆಯವರು ಉಂಡದ್ದೇ ಬರಬೇಕೆಂಬ ಕಟ್ಟಳೆಯಿಂದ ಜಡ್ಜ್‌ಗೆ ಒಂದು ತೊಂದರೆಯಿದೆ. ತಾನು ಕೊಟ್ಟ ಶಿಕ್ಷೆ ಹೇಗೆ ನಡೆಯುತ್ತಿದೆ ಎಂಬುದು ಡಬ್ಬಿಯಲ್ಲಿ ಕಾಣುತ್ತದೆ. ಕಾಳಮ್ಮನ ಮನೆಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ, ಆದರೆ ಅದರೊಳಗೆ ಏನು ನಡೆಯಿತೆಂದು ಹೇಳಬಲ್ಲೆ. ಎರಡನೆಯ ವರ್ಷ ಪಲ್ಯದಲ್ಲಿ ಎಣ್ಣೆ ಇಳಿಯಿತು. ಬೇಳೆ ನೀರಾಯಿತು. ಮೂರನೆಯ ವರ್ಷ ರೊಟ್ಟಿಗಳು ಇದ್ದಕ್ಕಿದ್ದಂತೆ ತೆಳ್ಳಗೆ, ಒಂದೇ ಅಳತೆಯಲ್ಲಿ ಬರತೊಡಗಿದವು. ಕೇಳಿದರೆ ದ್ಯಾಮಣ್ಣ, ‘ಖಾನಾವಳ್ಯಾಗ ದಿನಾ ಇನ್ನೂರು ರೊಟ್ಟಿ ಬಡೀತಾಳಂತ್ರಿ ಆಕಿ, ಕೈ ಪಳಗೇದ’ ಎಂದ. ಒಂದು ಪಾಳಿಯಲ್ಲಿ ರೊಟ್ಟಿಗಳು ದಪ್ಪಗೆ, ಸೊಟ್ಟಗೆ ಇದ್ದವು, ಮೇಲೆ ಪುಟ್ಟ ಬೆರಳುಗಳ ಗುರುತು. ಕಾಳಮ್ಮನಿಗೆ ಜ್ವರ, ಮಗಳು ಗಾಯತ್ರಿ ತಟ್ಟಿದ್ದು. ಏಳನೆಯ ವರ್ಷ ಮೂರು ಪಾಳಿ ಬರೀ ಅಂಬಲಿ ಬಂತು. ಇಷ್ಟಾದರೂ ಒಗ್ಗರಣೆಯ ಹದ ತಪ್ಪಲಿಲ್ಲ. ಅಂಬಲಿಯ ಮೇಲೂ ಒಂದು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿರುತ್ತಿದ್ದಳು. ಅರವತ್ತಮೂರು ಮನೆಗಳಲ್ಲಿ ನಾನು ಕಾದು ಕೂರುತ್ತಿದ್ದದ್ದು ಆ ಮನೆಯ ಪಾಳಿಗೆ. ಕಾದು ಕೂರುತ್ತಿದ್ದೆ ಎಂದು ಒಪ್ಪಿಕೊಳ್ಳಲು ಈಗಲೂ ಮೈ ಬೆವರುತ್ತದೆ.

ಹತ್ತನೆಯ ವರ್ಷ ಅವಳೇ ಬಂದಳು. ಮಧ್ಯಾಹ್ನದ ಹೊತ್ತು, ಡಬ್ಬಿಯನ್ನು ದ್ಯಾಮಣ್ಣನ ಕೈಗೆ ಕೊಡದೆ ಹಿಡಿದುಕೊಂಡೇ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ತೀರ್ಪಿನ ದಿನ ನೋಡಿದ ಹೆಂಗಸಿನ ತಾಯಿಯಂತೆ ಕಾಣುತ್ತಿದ್ದಳು. ಅಂಗೈಗಳು ಹಂಚಿನ ಬಿಸಿಗೆ ಕಪ್ಪಾಗಿದ್ದವು.

‘ಊಟ ಸೇರತದೇನ್ರಿ ಸಾಹೇಬ್ರ?’

‘ಸೇರತದವ್ವ.’

‘ಬಡವರ ಮನೀದು. ಇದ್ದದ್ದ ಕಳಸ್ತೀನ್ರಿ.’ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ‘ಗಾಯತ್ರಿಗೆ ಹತ್ತೊಂಬತ್ತ ಆತ್ರಿ. ನೋಡಾಕ ಬಂದಾವ್ರು ಡಬ್ಬಿ ಮನಿ ಅಂತ ಹಿಂದಕ್ಕ ಹೋಗ್ತಾರ. ಅವರಪ್ಪ ಬಂದು ಬಾಗಲದಾಗ ನಿಂತ್ರ ಸಾಕ್ರಿ, ಮತ್ತೇನ ಬ್ಯಾಡ. ಇನ್ನ ಎರಡ ವರ್ಷ ಅಂದ್ರ ಆಕಿ ವಯಸ್ಸ ಮೀರತದ. ಸಾಹೇಬ್ರ, ನಾ ಒಂದ್ ಮಾತ ಹೇಳ್ತೀನಿ, ಆರ ತಿಂಗಳ ಹಾಕಿದ್ರೂ ಚಿಂತಿಲ್ಲ. ಅವತ್ತ ಯಾವ ವಾರ...’

ನಾನು ಕೈ ಎತ್ತಿದೆ. ‘ಬ್ಯಾಡವ್ವ. ಮುಗಿದ ಕೇಸು. ನೀ ಬಾಯಿ ಬಿಟ್ರ ನಾ ನಿನ್ನ ಒಳಗ ಹಾಕಬೇಕಾಗ್ತದ. ಮಗಳು ಒಬ್ಬಾಕಿ ಆಗ್ತಾಳ. ಮನಿಗೆ ಹೋಗು.’

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೈ ಮುಗಿದಳು. ‘ದೊಡ್ಡ ಮನಸ ನಿಮ್ದು’ ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಜೈಲಿನಿಂದ ಉಳಿಸಿದೆನೆಂದು ಅವಳು ನಂಬಿದ್ದಳು. ನಾನು ತಡೆದದ್ದು ಬೇರೆ ಕಾರಣಕ್ಕೆ. ಅವಳು ಆ ಒಂದು ಪದ ಹೇಳಿಬಿಟ್ಟಿದ್ದರೆ, ಗೊತ್ತಿರಲಿಲ್ಲ ಎಂದು ಮುಂದೆ ಹೇಳಿಕೊಳ್ಳಲು ನನಗೆ ದಾರಿಯಿರುತ್ತಿರಲಿಲ್ಲ. ಆ ಹೊತ್ತಿನಲ್ಲಿಯೂ ನಾನು ನನ್ನ ಮುಂದಿನದನ್ನು ಯೋಚಿಸಿದ್ದೆ. ಅವಳು ಹೋದ ಮೇಲೆ ಡಬ್ಬಿ ಬಿಚ್ಚಿದೆ. ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಬೆಳಗ್ಗೆ ಯಾರೋ ಗಾಯತ್ರಿಯನ್ನು ನೋಡಲು ಬಂದಿದ್ದಿರಬೇಕು.

ಹನ್ನೆರಡು ವರ್ಷ ಮುಗಿದು ಮೋನಪ್ಪ ಹೊರಗೆ ಬಂದ. ಅವನ ಕಣ್ಣುಗಳು ಮಂಜಾಗಿದ್ದವು, ಮೊಳೆ ಜೋಡಿಸುವ ಕೆಲಸಕ್ಕೆ ಕೂರುವಂತಿರಲಿಲ್ಲ, ಆ ಕೆಲಸವೇ ಊರಿನಲ್ಲಿ ಉಳಿದಿರಲಿಲ್ಲ. ಖಾನಾವಳಿಗೆ ನೀರು ಹೊರುತ್ತಾನೆ ಎಂದು ಕೇಳಿದೆ. ಗಾಯತ್ರಿಗೆ ಮದುವೆಯಾಗಲಿಲ್ಲ, ಅವಳೂ ತಾಯಿಯ ಜೊತೆ ರೊಟ್ಟಿ ಬಡಿಯುತ್ತಿದ್ದಳು. ಆ ಮನೆಯ ಪಾಳಿ ಪಟ್ಟಿಯಿಂದ ಹೋಯಿತು. ಮಂದಾಕಿನಿ ಅಂದಿನಿಂದ ದಿನಾಲೂ ಬುತ್ತಿ ಉಂಡಳು. ನನಗೆ ಆ ಬೆಳ್ಳುಳ್ಳಿಯ ಒಗ್ಗರಣೆಯ ನೆನಪು ಎರಡು ವರ್ಷ ಕಾಡಿತು.

ನನ್ನ ನಿವೃತ್ತಿಯ ದಿನ ಬಂತು. ಸಂಜೆ ಐದಕ್ಕೆ ಕುರ್ಚಿ ಬಿಡಬೇಕು. ನಾಲ್ಕೂವರೆಗೆ ಮೋನಪ್ಪನ ಫೈಲು ತರಿಸಿ, ತೆರೆದ ಕೋರ್ಟಿನಲ್ಲಿ ನನ್ನ ತೀರ್ಪನ್ನು ನಾನೇ ಹೊಡೆದು ಹಾಕಿದೆ. ಕಾಟು ಹಾಕಿ ಪಕ್ಕದಲ್ಲಿ ಕಾರಣ ಬರೆಯಬೇಕು. ಫೆಬ್ರವರಿ ಹನ್ನೊಂದು ಮಂಗಳವಾರವಾಗಿತ್ತೆಂಬುದು ಈಗ ನನ್ನ ಗಮನಕ್ಕೆ ಬಂದಿದೆ ಎಂದು ಬರೆದೆ. ‘ಈಗ’ ಎಂಬ ಕಡೆ ಪೆನ್ನು ನಿಂತಿತು, ಮತ್ತೆ ಮುಂದುವರಿಯಿತು. ತೀರ್ಪು ಹೊಡೆದು ಹಾಕಿದವನು ಅದೇ ದಿನ ಕುರ್ಚಿ ಬಿಡಬೇಕೆಂಬ ಕಟ್ಟಳೆಯನ್ನು ನಾನು ಅಕ್ಷರಶಃ ಪಾಲಿಸಿದೆ. ಅರ್ಧ ಗಂಟೆ ಮೊದಲು ಬಿಟ್ಟೆ.

ಕೋರ್ಟಿನಲ್ಲಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಮ್ಮ ಕೋರ್ಟಿನ ಅರವತ್ತು ವರ್ಷದ ಇತಿಹಾಸದಲ್ಲಿ ತನ್ನ ತಪ್ಪು ಒಪ್ಪಿಕೊಂಡ ಮೊದಲ ಜಡ್ಜ್ ಎಂದು ವಕೀಲರ ಸಂಘದವರು ಮೂರನೆಯ ದಿನ ಸನ್ಮಾನ ಇಟ್ಟುಕೊಂಡರು. ಶಾಲು, ಹಾರ, ಹಣ್ಣಿನ ಬುಟ್ಟಿ. ಹಾರ ಹಾಕಲು ಮೋನಪ್ಪನನ್ನೇ ವೇದಿಕೆಗೆ ಕರೆಸಿದ್ದರು. ಕಣ್ಣು ಸರಿಯಾಗಿ ಕಾಣದ್ದರಿಂದ ಅವನು ಮೊದಲು ಪಕ್ಕದಲ್ಲಿ ಕೂತಿದ್ದ ಸಂಘದ ಅಧ್ಯಕ್ಷರ ಕೊರಳಿಗೆ ಹಾರ ಚಾಚಿದ. ಎಲ್ಲರೂ ನಕ್ಕು ಅವನ ಮೊಣಕೈ ಹಿಡಿದು ನನ್ನ ಕಡೆ ತಿರುಗಿಸಿದರು. ಭಾಷಣದಲ್ಲಿ ನಾನು ಆತ್ಮಸಾಕ್ಷಿಯ ಬಗ್ಗೆ ಮಾತಾಡಿದೆ, ಚೆನ್ನಾಗಿಯೇ ಮಾತಾಡಿದೆ. ಮಂದಾಕಿನಿ ಬಂದಿರಲಿಲ್ಲ.

ಜನ ಚಹಾಕ್ಕೆಂದು ಹೊರಗೆ ಹೋದ ಮೇಲೆ ಕಾಳಮ್ಮ ವೇದಿಕೆಯ ಕೆಳಗೆ ಬಂದು ನಿಂತಳು. ಮೋನಪ್ಪ ಅವಳ ಭುಜ ಹಿಡಿದುಕೊಂಡಿದ್ದ.

‘ಸಾಹೇಬ್ರ, ಈಗ ನೀವ ಜಡ್ಜ್ ಅಲ್ಲ. ಒಂದ್ ಮಾತ ಕೇಳಬೌದಲ್ರಿ?’

‘ಕೇಳವ್ವ.’

‘ಹನ್ನೆರಡ ವರ್ಷ ನನ್ನ ಬುತ್ತಿ ಉಣ್ಣೂ ಮುಂದ ನಿಮಗ ಗೊತ್ತಿತ್ತೇನ್ರಿ?’

ಇಡೀ ಬದುಕಿನಲ್ಲಿ ನನ್ನನ್ನು ಯಾರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ನಿಜ ಹೇಳಿದರೆ ಅವಳು ಏನು ಮಾಡುತ್ತಿದ್ದಳು? ಏನೂ ಮಾಡಲಾಗುತ್ತಿರಲಿಲ್ಲ. ನನಗೆ ಕಳೆದುಕೊಳ್ಳಲು ಕುರ್ಚಿಯೂ ಇರಲಿಲ್ಲ. ಗೊತ್ತಿತ್ತು, ಮೊದಲನೆಯ ದಿನವೇ ಗೊತ್ತಿತ್ತು ಎಂಬ ಮಾತು ಹಲ್ಲಿನ ತನಕ ಬಂತು. ಕೊರಳಲ್ಲಿ ಹಾರ ಭಾರವಾಗಿ ತೂಗುತ್ತಿತ್ತು.

‘ಇಲ್ಲವ್ವ. ಮೊನ್ನಿ ಫೈಲು ತಗದಾಗನ ನೋಡಿದ್ದು.’

ಅವಳು ದೊಡ್ಡದಾಗಿ ಉಸಿರು ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ‘ಹಂಗಾರ ಬಿಡ್ರಿ, ಆತು’ ಎಂದಳು. ‘ನಾ ದಿನಾ ಅದನ್ನ ಚಿಂತಿ ಮಾಡ್ತಿದ್ದೆ. ಗೊತ್ತಿದ್ದೂ ಉಂಡಿದ್ರ, ಆ ರೊಟ್ಟಿ ನಾ ಯಾಕಾರ ಬಡದೆ ಅಂತ ಸಾಯೂತನ ಜೀವ ಸುಡತಿತ್ತು. ಗೊತ್ತಿಲ್ದ ಉಂಡೀರಿ. ನಿಮ್ಮ ಮ್ಯಾಲೆ ಸಿಟ್ಟಿಲ್ರಿ ನಮಗ.’ ಮೋನಪ್ಪನೂ ಹೌದೆಂದು ತಲೆಯಾಡಿಸಿದ. ‘ಗುರುವಾರ ಮನಿಗೆ ಊಟಕ್ಕ ಬರ್ರಿ. ಅವ್ವಾರನ್ನೂ ಕರಕೊಂಡ್ ಬರ್ರಿ.’

ಮಂದಾಕಿನಿಗೆ ಹೇಳಿದಾಗ ಅವಳು ಒಲೆಯ ಮುಂದಿದ್ದಳು. ಹದಿನಾಲ್ಕು ವರ್ಷದ ಮೇಲೆ ನಮ್ಮ ಮನೆಯಲ್ಲಿ ಅನ್ನ ಕುದಿಯುತ್ತಿತ್ತು.

‘ಏನಂತ ಹೇಳಿದ್ರಿ ಆಕಿಗೆ?’ ಎಂದು ಬೆನ್ನು ತಿರುಗಿಸಿಯೇ ಕೇಳಿದಳು.

ನಾನು ಸನ್ಮಾನದ ಶಾಲು ಮಡಿಚತೊಡಗಿದೆ. ಅವಳು ಪಾತ್ರೆಯ ಮೇಲೆ ತಟ್ಟೆ ಮುಚ್ಚಿದಳು. ‘ನೀವ್ ಹೋಗ್ರಿ’ ಎಂದಳು.

ಗುರುವಾರ ನಾನೊಬ್ಬನೇ ಹೋದೆ. ಮನೆಯಲ್ಲಿ ಬೇಯಿಸಿದ್ದನ್ನು ಈಗ ನಾನು ಉಣ್ಣಬಹುದಿತ್ತು, ಯಾವ ಹೋಟೆಲಿಗಾದರೂ ಹೋಗಬಹುದಿತ್ತು. ಅವಳ ಮನೆಗೆ ಹೋಗಲೇಬೇಕೆಂಬ ಕಟ್ಟಳೆ ಯಾವುದೂ ಇರಲಿಲ್ಲ. ಓಣಿಯ ತುದಿಯ ಎರಡು ಕೋಣೆಯ ಮನೆ. ನನ್ನನ್ನೂ ಮೋನಪ್ಪನನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದರು. ಅವನು ತಟ್ಟೆಯಲ್ಲಿ ಏನೆಲ್ಲಿದೆ ಎಂದು ಬೆರಳಿನಿಂದ ತಡವಿ ನೋಡಿಕೊಂಡ. ಒಳಗೆ ಗಾಯತ್ರಿ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಕಾಳಮ್ಮ ಹಂಚಿನಿಂದ ತೆಗೆದ ರೊಟ್ಟಿಯನ್ನು ಹಾಗೆಯೇ ತಂದು ನನ್ನ ತಟ್ಟೆಗೆ ಹಾಕಿದಳು. ನನಗೆ ನಾಚಿಕೆಯಾಗಿತ್ತು. ಹಸಿವೂ ಆಗಿತ್ತು. ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ.

ಅವಳು ಎದುರಿಗೆ ಕೂತು ನಾನು ಉಣ್ಣುವುದನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂತು.

‘ಪಾಪ, ಬಿಸಿ ರೊಟ್ಟಿ ನಿಮಗ ಒಂದ್ ದಿನಾನೂ ಸಿಗಲಿಲ್ಲ ನೋಡ್ರಿ’ ಎಂದಳು. ‘ಹನ್ನೆರಡ ವರ್ಷ ಡಬ್ಬ್ಯಾಗ ಆರಿದ್ದ ತಿಂದ್ರಿ. ಇನ್ನೊಂದ್ ಹಾಕ್ಲೇನ್ರಿ?’

‘ಹಾಕವ್ವ’ ಎಂದೆ.